ಪೈಪ್ ಹಾಕಿ ಮಣ್ಣು ಮುಚ್ಚಿ ಹೋದರು, ಮಳೆಗೆ ರಸ್ತೆ ಕುಸಿಯಿತು: ಸರಿ ಮಾಡಬೇಕಾದವರು ಯಾರು?

ಕೊನೆಮನೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ಬೆಂಗಳೂರಿನ ಒಂದು ಹಳೆ ಬಡಾವಣೆಯಲ್ಲಿ ನಮ್ಮ ಮನೆ, ಕ್ರಾಸಿನ ಕೊನೇದು. ಜನವರಿಯಲ್ಲಿ ಪೈಪ್ ಹಾಕಬೇಕು ಅಂತ ಜೆಸಿಬಿ ತಂದು ರಸ್ತೆ ಅಗೆದರು. ಯಾವ ಸಂಸ್ಥೆ ಅಂತ ಬರೆಯುವುದಿಲ್ಲ. ಬರೆದರೆ ಅವರನ್ನು ಬೈಯುವುದರಲ್ಲೇ ಪುಟ ತುಂಬುತ್ತೆ, ನನ್ನ ಪ್ರಶ್ನೆ ಹಾಗೇ ಉಳಿಯುತ್ತೆ. ಮೂರು ದಿನದಲ್ಲಿ ಪೈಪ್ ಹೂತು, ಅಗೆದ ಮಣ್ಣನ್ನೇ ವಾಪಸ್ ತಳ್ಳಿ, ಜೆಸಿಬಿಯನ್ನು ಅದರ ಮೇಲೆ ಎರಡು ಸಲ ಓಡಾಡಿಸಿದರು. ಆಮೇಲೆ ಹದಿನೈದು ದಿನ ಧೂಳು. ಅದಾದ ಮೇಲೆ ಟಾರು ಹಾಕಿದರು. ನೋಡುವುದಕ್ಕೆ ಚೆನ್ನಾಗಿಯೇ ಇತ್ತು. ಟಾರು ಹಾಕಿದವರಿಗೆ ನಾನೇ ಕಾಫಿ ಮಾಡಿ ಕೊಟ್ಟಿದ್ದೆ.

ಮೇ ತಿಂಗಳಲ್ಲಿ ಎರಡು ದೊಡ್ಡ ಮಳೆ ಬಂತು ನೋಡಿ, ಪೈಪ್ ಹೋದ ದಾರಿಯುದ್ದಕ್ಕೂ ರಸ್ತೆ ಇಳಿಯಿತು. ಒಂದು ಕಡೆಯಂತೂ ಪೂರ್ತಿ ಬಾಯಿ ಬಿಟ್ಟಿದೆ. ನೀರು ನಿಂತಾಗ ಗುಂಡಿ ಕಾಣಿಸಲ್ಲ. ಹೋದ ಗುರುವಾರ ಬೆಳಗ್ಗೆ ಐದೂವರೆಗೆ ಹಾಲು ಹಾಕುವ ಹುಡುಗ ಅಲ್ಲೇ ಬಿದ್ದ. ಮೊಣಕೈ ತರಚಿತು, ಎರಡು ಕ್ರೇಟ್ ಹಾಲು ಹೋಯಿತು. ಹಾಲಿನ ದುಡ್ಡು ಅವನ ಕೈಯಿಂದಲೇ ಕಟ್ಟಬೇಕಂತೆ.

ಅಗೆದವರನ್ನು ಕೇಳಿದರೆ "ನಾವು ದುಡ್ಡು ಕಟ್ಟಿದ್ದೀವಿ, ರಸ್ತೆಯವರನ್ನು ಕೇಳಿ" ಅಂತಾರೆ. ರಸ್ತೆಯವರು "ಅಗೆದವರೇ ಮುಚ್ಚಬೇಕು ಮೇಡಂ" ಅಂತಾರೆ. ಇದಕ್ಕೆ ನಿಯಮ ಅಂತ ಏನಾದರೂ ಇದೆಯಾ, ಇಲ್ಲವಾ?

ಗುಂಡಿ ಗಣಪ:

ಇದೆ. ಮೊದಲು ಗುಂಡಿ, ಆಮೇಲೆ ರಸ್ತೆ. 😀

ನಿವೃತ್ತ ಇಂಜಿನಿಯರ್:

ಮೇಡಂ, ನಿಯಮಕ್ಕೆ ಕೊರತೆ ಇಲ್ಲ. ಊರೊಳಗಿನ ರಸ್ತೆ ಪಾಲಿಕೆಯದು. ಅದನ್ನು ಯಾರೇ ಅಗೆಯಲಿ, ಸರ್ಕಾರದ್ದೇ ಇನ್ನೊಂದು ಸಂಸ್ಥೆ ಆಗಿರಲಿ, ಪಾಲಿಕೆಯ ಅನುಮತಿ ಬೇಕು. ಬಿಬಿಎಂಪಿ ಇದ್ದಾಗಲೇ ಇದಕ್ಕೊಂದು ಆನ್‌ಲೈನ್ ವ್ಯವಸ್ಥೆ ಮಾಡಿದ್ದರು, ಎಂಎಆರ್‌ಸಿಎಸ್ ಅಂತ. ನಾವು ಆಫೀಸಿನಲ್ಲಿ ಮಾರ್ಕ್ಸ್ ಅಂತಲೇ ಕರೆಯುತ್ತಿದ್ದೆವು. ಜಲಮಂಡಳಿ, ಬೆಸ್ಕಾಂ, ಗ್ಯಾಸ್ ಪೈಪಿನವರು, ಒಎಫ್‌ಸಿ ಅಂದರೆ ಇಂಟರ್ನೆಟ್ ಕೇಬಲಿನವರು ಎಲ್ಲರೂ ಎಲ್ಲಿ ಎಷ್ಟು ಮೀಟರ್ ಅಗೆಯುತ್ತೇವೆ ಅಂತ ಅಲ್ಲಿ ಹಾಕಬೇಕು. ಒಬ್ಬರು ಮುಚ್ಚಿದ ಮೇಲೆ ಇನ್ನೊಬ್ಬರು ಬಂದು ಅಗೆಯಬಾರದು ಅನ್ನುವುದು ಅದರ ಉದ್ದೇಶ. ಎಷ್ಟರ ಮಟ್ಟಿಗೆ ನಡೆಯಿತು ಅನ್ನುವುದು ನಿಮ್ಮ ಕಣ್ಣ ಮುಂದೇ ಇದೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಆದವು. ಆದರೆ ಅನುಮತಿ ಬೇಕು ಅನ್ನುವುದೇನೂ ಹೋಗಿಲ್ಲ.

ಇನ್ನು ಮುಚ್ಚುವ ವಿಚಾರ. ಇದಕ್ಕೆ ಎರಡು ದಾರಿ. ಅಗೆದವರು ಮೀಟರಿಗೆ ಇಷ್ಟು ಅಂತ ಹಣ ಕಟ್ಟುತ್ತಾರೆ, ಪಾಲಿಕೆ ತನ್ನ ಕಂಟ್ರಾಕ್ಟರ್ ಕೈಲಿ ಮುಚ್ಚಿಸುತ್ತೆ. ಇಲ್ಲವೇ ಅಗೆದವರೇ ಮುಚ್ಚಿಕೊಡುತ್ತಾರೆ, ಅದಕ್ಕೆ ಭದ್ರತೆಯಾಗಿ ಬ್ಯಾಂಕ್ ಗ್ಯಾರಂಟಿ ಇಡುತ್ತಾರೆ. ಟೆಲಿಕಾಂ ಕೇಬಲಿಗೆ 2016ರ ಕೇಂದ್ರದ ನಿಯಮದಲ್ಲೇ ಈ ಎರಡೂ ದಾರಿ ಇದ್ದವು. ನಿಮ್ಮ ಕ್ರಾಸಿಗೆ ಯಾವ ದಾರಿ ಅನ್ನುವುದು ಅನುಮತಿ ಪತ್ರದಲ್ಲಿ ಬರೆದಿರುತ್ತೆ. ಅದು ಕೈಯಲ್ಲಿ ಇಲ್ಲದೆ ಆಫೀಸಿಗೆ ಹೋದರೆ ಇಬ್ಬರೂ ನಿಮ್ಮನ್ನು ಚೆಂಡಿನ ಹಾಗೆ ಆ ಕಡೆ ಈ ಕಡೆ ಎಸೆಯುತ್ತಾರೆ.

ಇನ್ನೊಂದು ಕೇಳಿ. ಅಗೆಯುವ ಮೊದಲು ಆ ರಸ್ತೆಗೆ ಹೊಸದಾಗಿ ಟಾರು ಆಗಿತ್ತಾ? ಆಗಿದ್ದರೆ ಆ ಕಂಟ್ರಾಕ್ಟರ್‌ಗೆ ದೋಷ ಹೊಣೆ ಅವಧಿ ಅಂತ ಇರುತ್ತೆ. ಆಫೀಸಿನಲ್ಲಿ ಎಲ್ಲರೂ ಡಿಎಲ್‌ಪಿ ಅನ್ನುತ್ತಾರೆ. ಆ ಅವಧಿಯಲ್ಲಿ ಕೆಟ್ಟರೆ ಅವನೇ ಸ್ವಂತ ಖರ್ಚಿನಲ್ಲಿ ಸರಿ ಮಾಡಬೇಕು. ಆದರೆ ನಡುವೆ ಇನ್ನೊಬ್ಬರು ಅಗೆದರೆ "ನನ್ನ ರಸ್ತೆ ಚೆನ್ನಾಗಿತ್ತು ಸಾರ್, ಅವರು ಕೆಡಿಸಿದರು" ಅಂತ ಕೈ ತೊಳೆದುಕೊಳ್ಳುತ್ತಾನೆ. ನನ್ನ ಸರ್ವಿಸಿನಲ್ಲಿ ಈ ಮಾತು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅವನ ಮಾತು ಸುಳ್ಳೂ ಅಲ್ಲ.

ಟ್ಯಾಂಕರ್ ಲೇಔಟ್:

ಎಲ್ಲರೂ ಅಗೆಯುವವರನ್ನೇ ಬೈಯುತ್ತೀರಲ್ಲ, ನಮ್ಮ ಕಡೆಯದೂ ಸ್ವಲ್ಪ ಕೇಳಿ. ನಮ್ಮದು 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಲ್ಲಿ ಒಂದು. ಕಾವೇರಿ ಐದನೇ ಹಂತ ಶುರುವಾಗಿದ್ದು 2024ರ ಅಕ್ಟೋಬರ್‌ನಲ್ಲಿ. ಅಲ್ಲಿಯವರೆಗೆ ಬೇಸಿಗೆ ಬಂದರೆ ಟ್ಯಾಂಕರ್ ಹಿಂದೆ ಓಡುವುದೇ ನಮ್ಮ ಕೆಲಸ. ನೀರಿನ ಪೈಪ್, ಒಳಚರಂಡಿ ಪೈಪ್ ಎರಡಕ್ಕೂ ನಮ್ಮ ರಸ್ತೆ ಅಗೆದರು. ವರ್ಷಗಟ್ಟಲೆ ಕೆಸರಲ್ಲಿ ಓಡಾಡಿದೆವು. ಈಗ ನಲ್ಲಿಯಲ್ಲಿ ನೀರು ಬರುತ್ತೆ. ಅಗೆಯಬೇಡಿ ಅಂದಿದ್ದರೆ ನೀರೂ ಇರುತ್ತಿರಲಿಲ್ಲ.

ಕೊನೆಮನೆ:

ಅಗೆಯಬೇಡಿ ಅಂತ ನಾನೆಲ್ಲಿ ಅಂದೆ? ಅಗೆಯಲಿ, ಸರಿಯಾಗಿ ಮುಚ್ಚಲಿ ಅಂತಿದ್ದೀನಿ. ನಿಮ್ಮ ಕಡೆ ಮುಚ್ಚಿದ್ದು ಹೇಗಿದೆ?

ಟ್ಯಾಂಕರ್ ಲೇಔಟ್:

ಅದನ್ನು ಕೇಳಬೇಡಿ.

ಕಾಲುವೆ ಮೇಸ್ತ್ರಿ:

ಅಕ್ಕಾ, ನಾನು 18 ವರ್ಷ ಇದೇ ಕೆಲಸ ಮಾಡಿದವನು. ಕಾಲುವೆ ತೆಗೆಯುವುದು, ಪೈಪ್ ಇಳಿಸುವುದು, ಮುಚ್ಚುವುದು. ನಿಮ್ಮ ರಸ್ತೆ ಯಾಕೆ ಕುಸಿಯಿತು ಅಂತ ನಾನು ಹೇಳುತ್ತೀನಿ, ಕೋಪ ಮಾಡಿಕೊಳ್ಳಬೇಡಿ.

ಟಾರು ಅನ್ನುವುದು ಮೇಲಿನ ಬಟ್ಟೆ ಅಷ್ಟೇ. ಭಾರ ಹೊರುವುದು ಕೆಳಗಿನ ಮಣ್ಣು, ಜಲ್ಲಿ. ಅಗೆದ ಮಣ್ಣು ಉಬ್ಬಿರುತ್ತೆ. ಅದನ್ನು ಒಂದೇ ಸಲ ಮೂರು ಅಡಿ ಸುರಿದು ಮೇಲೆ ಜೆಸಿಬಿ ಓಡಿಸಿದರೆ ಮೇಲಿನ ಅರ್ಧ ಅಡಿ ಗಟ್ಟಿ ಆಗುತ್ತೆ. ಕೆಳಗೆ ಪೊಳ್ಳು. ಮಳೆ ನೀರು ಇಳಿದ ತಕ್ಷಣ ಆ ಪೊಳ್ಳು ಕೂರುತ್ತೆ, ಮೇಲಿನ ಟಾರೂ ಅದರ ಜೊತೆ ಇಳಿಯುತ್ತೆ.

ಸರಿಯಾಗಿ ಮಾಡುವುದು ಹೀಗೆ. ಪೈಪ್ ಕೆಳಗೆ ಮರಳು ಅಥವಾ ಎಂ-ಸ್ಯಾಂಡ್ ಹಾಸಬೇಕು. ಪೈಪಿನ ಪಕ್ಕಕ್ಕೂ ಕೈಯಿಂದಲೇ ತುಂಬಿ ಕೂರಿಸಬೇಕು. ಅಲ್ಲಿ ಯಂತ್ರ ಇಟ್ಟರೆ ಪೈಪ್ ಒಡೆಯುತ್ತೆ. ಆಮೇಲೆ ಅರ್ಧ ಅಡಿ ಮಣ್ಣು, ಸ್ವಲ್ಪ ನೀರು ಚಿಮುಕಿಸಿ ದಿಮ್ಮಸು. ಮತ್ತೆ ಅರ್ಧ ಅಡಿ, ಮತ್ತೆ ದಿಮ್ಮಸು. ಈಗ ಪೆಟ್ರೋಲಿನಲ್ಲಿ ಕುಣಿಯುವ ಮಷೀನು ಬಾಡಿಗೆಗೆ ಸಿಗುತ್ತೆ, ಕೈ ದಿಮ್ಮಸು ಬೇಕಿಲ್ಲ. ಮಣ್ಣನ್ನು ಮೇಲಿನವರೆಗೂ ತುಂಬಬಾರದು. ಒಂದು ಅಡಿ ಒಂದೂವರೆ ಅಡಿ ಜಾಗ ಬಿಟ್ಟು ಜಲ್ಲಿ ಹಾಕಬೇಕು. ಮೊದಲು ಜಿಎಸ್‌ಬಿ, ಅಂದರೆ ದಪ್ಪ ಜಲ್ಲಿ ಮಿಶ್ರಣ. ಅದರ ಮೇಲೆ ವೆಟ್‌ಮಿಕ್ಸ್, ಅಂದರೆ ಜಲ್ಲಿ, ಜಲ್ಲಿಪುಡಿ ನೀರು ಹಾಕಿ ಕಲಸಿದ್ದು. ಅದನ್ನೂ ಕುಟ್ಟಬೇಕು. ಆಮೇಲೆ ಟಾರು.

ಕೆಲವರು ಕಾಲುವೆಗೆ ನೀರು ಬಿಟ್ಟು "ತಾನೇ ಕೂರುತ್ತೆ" ಅಂತಾರೆ. ಮರಳಾದರೆ ಕೂರುತ್ತೆ. ನಮ್ಮ ಬೆಂಗಳೂರಿನ ಕೆಮ್ಮಣ್ಣಿಗೆ ನೀರು ಬಿಟ್ಟರೆ ಅದು ಪಾಯಸ ಆಗುತ್ತೆ, ಅಷ್ಟೇ.

ಇನ್ನು ಯಾಕೆ ಹೀಗೆ ಮಾಡಲ್ಲ ಅಂತೀರಾ? ನಮಗೆ ಕೂಲಿ ಕೊಡುವುದು ಪೈಪ್ ಮೀಟರ್ ಲೆಕ್ಕದಲ್ಲಿ. ದಿನಕ್ಕೆ ಎಷ್ಟು ಮೀಟರ್ ಹಾಕಿದಿರಿ ಅಂತ ಕೇಳುತ್ತಾರೆ. ಎಷ್ಟು ಪದರ ಕುಟ್ಟಿದಿರಿ ಅಂತ ಈ 18 ವರ್ಷದಲ್ಲಿ ಕೇಳಿದವರು ಇಬ್ಬರೋ ಮೂವರೋ.

ಧಾರವಾಡದಾಂವ:

ಮೇಸ್ತ್ರಿಯವರು ಹೇಳಿದ್ದು ಖರೇ. ನಮ್ಮ ಕಡೆ ಇನ್ನೂ ಕಷ್ಟ ಐತ್ರೀ. ನಮ್ಮಲ್ಲಿ ಎರೆಮಣ್ಣು. ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಿರುಕು ಬಿಡುತ್ತೆ. ಎಷ್ಟು ಕುಟ್ಟಿದರೂ ಅದರ ಗುಣ ಹೋಗೋದಿಲ್ಲ. ಅದಕ್ಕೆ ರಸ್ತೆ ಕೆಳಗೆ ಆ ಮಣ್ಣನ್ನು ವಾಪಸ್ ತುಂಬಲೇಬಾರದು, ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು, ತಂದು ತುಂಬಬೇಕು. ಗರಸಿಗೆ ಟ್ರ್ಯಾಕ್ಟರ್ ಬಾಡಿಗೆ ಕೊಡಬೇಕಲ್ಲ, ಅದಕ್ಕೇ ಅಗೆದದ್ದನ್ನೇ ತುಂಬುತ್ತಾರೆ. ನಮ್ಮ ಓಣಿಯಲ್ಲಿ ಮಳೆಗಾಲಕ್ಕೆ ಒಂದು ಉದ್ದ ದಿಬ್ಬ, ಬೇಸಿಗೆಗೆ ಅದೇ ಜಾಗದಲ್ಲಿ ಉದ್ದ ತಗ್ಗು.

ಇಂಗ್ಲೆಂಡಿನಿಂದ:

ನಾನು ಮೈಸೂರಿನವನು, ಇಲ್ಲಿಗೆ ಬಂದು ಹನ್ನೊಂದು ವರ್ಷ. ಇಲ್ಲೂ ರಸ್ತೆ ಅಗೆಯುತ್ತಾರೆ, ಇಲ್ಲೂ ಜನ ಬೈಯುತ್ತಾರೆ. ಆದರೆ 1991ರ ಒಂದು ಕಾಯ್ದೆ ಇದೆ. ಅದರ ಪ್ರಕಾರ ಅಗೆದ ಸಂಸ್ಥೆಯೇ ಮುಚ್ಚಬೇಕು. ಮುಚ್ಚಿದ್ದಕ್ಕೆ 2 ವರ್ಷ ಗ್ಯಾರಂಟಿ. ಒಂದೂವರೆ ಮೀಟರ್‌ಗಿಂತ ಆಳ ಅಗೆದಿದ್ದರೆ 3 ವರ್ಷ. ತಾತ್ಕಾಲಿಕವಾಗಿ ಮುಚ್ಚಿದರೆ 6 ತಿಂಗಳೊಳಗೆ ಪಕ್ಕಾ ಮಾಡಬೇಕು. ಹೇಳಿದ ದಿನಕ್ಕೆ ಮುಗಿಸದಿದ್ದರೆ ದಿನದ ಲೆಕ್ಕದಲ್ಲಿ ದಂಡ. ಲಂಡನ್ನಿನ ಕೆಲವು ದೊಡ್ಡ ರಸ್ತೆಗಳಲ್ಲಿ ಜನ ಜಾಸ್ತಿ ಓಡಾಡುವ ಹೊತ್ತಿನಲ್ಲಿ ಜಾಗ ಹಿಡಿದರೆ ದಿನಕ್ಕೆ 2,500 ಪೌಂಡ್‌ವರೆಗೆ ಬಾಡಿಗೆ ಕಟ್ಟಬೇಕು.

ನನಗೆ ತುಂಬಾ ಇಷ್ಟವಾದದ್ದು ಸಣ್ಣ ವಿಷಯ. ಅಗೆದ ಜಾಗದಲ್ಲಿ ಒಂದು ಬೋರ್ಡ್ ಇರಲೇಬೇಕು. ಯಾವ ಸಂಸ್ಥೆ, ಫೋನ್ ನಂಬರ್ ಏನು, ಎರಡೂ ಅದರಲ್ಲಿರುತ್ತೆ. ಮೇಡಂ ಪಡುತ್ತಿರುವ ಪಾಡಿನ ಅರ್ಧ ಭಾಗ ಆ ಬೋರ್ಡಿನಿಂದಲೇ ತಪ್ಪುತ್ತಿತ್ತು, ಅಲ್ವಾ?

ಗುಂಡಿ ಗಣಪ:

ಬೋರ್ಡ್ ನಮ್ಮಲ್ಲೂ ಇರುತ್ತೆ ಗುರು. "ಕಾಮಗಾರಿ ಪ್ರಗತಿಯಲ್ಲಿದೆ, ಸಹಕರಿಸಿ." ಯಾರಿಗೆ ಸಹಕರಿಸಬೇಕು ಅಂತ ಮಾತ್ರ ಇರಲ್ಲ.

ನಿವೃತ್ತ ಇಂಜಿನಿಯರ್:

ಇಂಗ್ಲೆಂಡಿನವರು ಹೇಳಿದ್ದರಲ್ಲಿ ಮುಖ್ಯವಾದದ್ದು ಗ್ಯಾರಂಟಿ. ನಮ್ಮಲ್ಲಿ ದುಡ್ಡು ಕಟ್ಟಿದವರ ಹೊಣೆ ರಸೀದಿಯ ಜೊತೆಗೇ ಮುಗಿಯುತ್ತೆ. ಅಗೆದವನೊಬ್ಬ, ಮಣ್ಣು ತುಂಬಿದವನೊಬ್ಬ, ಮೇಲೆ ಟಾರು ಬಳಿದವನು ಮೂರನೆಯವನು. ಕುಸಿದರೆ ಮೂವರಿಗೂ ಬೆರಳು ತೋರಿಸಲು ಇನ್ನೊಬ್ಬ ಇರುತ್ತಾನೆ. ನನ್ನನ್ನು ಕೇಳಿದರೆ ಅಗೆದವನೇ ಟಾರಿನವರೆಗೂ ಮಾಡಬೇಕು, ಎರಡು ಮಳೆಗಾಲ ಅವನ ಹಣ ನಮ್ಮ ಕೈಯಲ್ಲಿರಬೇಕು. ನಾನು ಸರ್ವಿಸಿನಲ್ಲಿದ್ದಾಗ ಇದನ್ನು ಫೈಲಿನಲ್ಲಿ ಬರೆದಿದ್ದೆ. ಫೈಲ್ ಎಲ್ಲಿದೆಯೋ.

ಎಂ.ಜಿ. ರೋಡ್ ವಾಕರ್:

ಪದೇ ಪದೇ ಅಗೆಯುವ ಕಾಟವೇ ಬೇಡ ಅಂದರೆ ಟೆಂಡರ್‌ಶ್ಯೂರ್ ಮಾದರಿ ಇದೆಯಲ್ಲ. ವಿಠ್ಠಲ್ ಮಲ್ಯ ರಸ್ತೆ, ರೆಸಿಡೆನ್ಸಿ ರಸ್ತೆ ನೋಡಿ. ಫುಟ್‌ಪಾತ್ ಕೆಳಗೆ ಕೇಬಲಿಗೆ ಡಕ್ಟ್ ಮಾಡಿದ್ದಾರೆ. ಮುಚ್ಚಳ ತೆಗೆದು ಎಳೆದುಕೊಂಡರೆ ಆಯಿತು, ಟಾರು ಮುಟ್ಟುವ ಹಾಗೇ ಇಲ್ಲ.

ಟ್ಯಾಂಕರ್ ಲೇಔಟ್:

ಅದರ ಖರ್ಚು ನೋಡಿದ್ದೀರಾ? ಪೇಟೆ ನಡುವಿನ ಹತ್ತಿಪ್ಪತ್ತು ರಸ್ತೆಗೆ ಸರಿ. ನಮ್ಮ 20 ಅಡಿ ರಸ್ತೆಯಲ್ಲಿ ಫುಟ್‌ಪಾತೇ ಇಲ್ಲ, ಡಕ್ಟ್ ಎಲ್ಲಿ ಹಾಕುತ್ತೀರಿ?

ಎರಡನೇ ಮಹಡಿ:

ಒಂದು ವಿಷಯ ಒಪ್ಪಿಕೊಳ್ಳುತ್ತೀನಿ, ಹೊಡೆಯಬೇಡಿ. ನಾಲ್ಕು ವರ್ಷದ ಹಿಂದೆ ನಮ್ಮ ಮನೆಯ ಒಳಚರಂಡಿ ಲೈನ್ ಕಟ್ಟಿಕೊಂಡಿತು. ಪ್ಲಂಬರ್ "ರೋಡ್ ಕಟಿಂಗ್ ಪರ್ಮಿಷನ್ ಅಂತ ಹೋದರೆ ತಿಂಗಳಾಗುತ್ತೆ, ನಾನು ನೋಡ್ಕೋತೀನಿ ಬಿಡಿ ಸಾರ್" ಅಂದ. ಭಾನುವಾರ ರಾತ್ರಿ ಹನ್ನೊಂದಕ್ಕೆ ಶುರು ಮಾಡಿ ಬೆಳಗಿನ ಜಾವಕ್ಕೆ ಮುಗಿಸಿದ. ಒಂದು ಪುಟ್ಟಿ ಸಿಮೆಂಟ್ ಮೇಲೆ ಬಳಿದ. ಆ ಜಾಗ ಇವತ್ತಿಗೂ ತಗ್ಗಾಗಿದೆ. ನಾನೇ ದಿನಾ ಅದರ ಮೇಲೆ ಬೈಕ್ ಎಗರಿಸಿಕೊಂಡು ಬರುತ್ತೀನಿ. ಯಾರ ಮೇಲೆ ದೂರು ಕೊಡಲಿ?

ಕಾಲುವೆ ಮೇಸ್ತ್ರಿ:

ನಿಮ್ಮ ಥರದವರು ಬೀದಿಗೆ ನಾಲ್ಕು ಜನ ಇದ್ದಾರೆ ಅಣ್ಣಾ. ಮನೆ ಕಟ್ಟುವಾಗ ನೀರಿಗೊಂದು ಸಲ, ಚರಂಡಿಗೊಂದು ಸಲ. ದೊಡ್ಡ ಕಾಲುವೆಗಿಂತ ಈ ಅಡ್ಡ ಕಾಲುವೆಗಳೇ ರಸ್ತೆಗೆ ಜಾಸ್ತಿ ಕೆಡುಕು. ಗಾಡಿ ಚಕ್ರ ಪ್ರತಿ ಸಲ ಅದರ ಅಂಚಿಗೆ ಬಡಿಯುತ್ತಲ್ಲ.

ಮಾಹಿತಿ ಹಕ್ಕು ಮಾವ:

ಕೊನೆಮನೆ ಮೇಡಂ, ಮಾತು ಸಾಕು. ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. 10 ರೂಪಾಯಿ ಪೋಸ್ಟಲ್ ಆರ್ಡರ್. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಅದಕ್ಕೇ ಕಥೆ ಬರೆಯಬೇಡಿ. ಹಾಲಿನ ಹುಡುಗನ ವಿಷಯ ಬೇಡ. ಇಷ್ಟು ಕೇಳಿ: ಈ ಕ್ರಾಸಿನ ರಸ್ತೆ ಅಗೆತದ ಅನುಮತಿ ಪತ್ರ, ಹಣ ಕಟ್ಟಿದ್ದರೆ ರಸೀದಿ, ಮುಚ್ಚಿದ ಕೆಲಸದ ಎಂ.ಬಿ. ಪುಟಗಳ ನಕಲು. ಎಂ.ಬಿ. ಅಂದರೆ ಅಳತೆ ಪುಸ್ತಕ. ಎಷ್ಟು ಉದ್ದ, ಎಷ್ಟು ದಪ್ಪ, ಏನು ಹಾಕಿದರು ಅಂತ ಇಂಜಿನಿಯರ್ ಬರೆದು ಸಹಿ ಮಾಡಿದ ಮೇಲೇ ಬಿಲ್ ಆಗುವುದು. 30 ದಿನದಲ್ಲಿ ಉತ್ತರ ಕೊಡಬೇಕು.

ಜನಕ್ಕೆ ಗೊತ್ತಿಲ್ಲದ ಇನ್ನೊಂದು ಇದೆ. ಮಾಹಿತಿ ಹಕ್ಕು ಅಂದರೆ ಬರೀ ಕಾಗದ ಅಲ್ಲ. ಕಾಮಗಾರಿಯನ್ನು ಪರಿಶೀಲಿಸುವುದು, ಸಾಮಗ್ರಿಯ ದೃಢೀಕೃತ ಮಾದರಿ ತೆಗೆದುಕೊಳ್ಳುವುದು ಎರಡೂ ಆ ಕಾಯ್ದೆಯ 2ನೇ ಸೆಕ್ಷನ್‌ನಲ್ಲೇ ಬರೆದಿದೆ.

ಅದರ ಜೊತೆ ಪಾಲಿಕೆಯ ಸಹಾಯವಾಣಿ 1533ಕ್ಕೆ ದೂರು ಕೊಟ್ಟು ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಮುಂದೆ ಯಾರಾದರೂ ಬಿದ್ದರೆ "ನಮಗೆ ಗೊತ್ತೇ ಇರಲಿಲ್ಲ" ಅನ್ನುವ ಹಾಗಿರಬಾರದು. ಒಳ್ಳೆ ರಸ್ತೆ ಬದುಕುವ ಹಕ್ಕಿನ ಭಾಗ ಅಂತ ನಮ್ಮ ಹೈಕೋರ್ಟ್ 2019ರಲ್ಲೇ ಹೇಳಿದೆ, ಬೆಂಗಳೂರಿನ ಗುಂಡಿಗಳ ಪಿಐಎಲ್‌ನಲ್ಲಿ.

ಕೇಬಲ್ ಹುಡುಗ:

2023ರ ಮಾರ್ಚ್‌ನಲ್ಲಿ ಕೇಂದ್ರದವರು "ಕಾಲ್ ಬಿಫೋರ್ ಯು ಡಿಗ್" ಅಂತ ಆ್ಯಪ್ ಬಿಟ್ಟರಲ್ಲ, ಅದು ಈ ಕೆಲಸಕ್ಕೆ ಆಗಲ್ವಾ?

ನಿವೃತ್ತ ಇಂಜಿನಿಯರ್:

ಅದು ಕೇಬಲ್, ಪೈಪ್ ತುಂಡಾಗದಿರಲಿ ಅಂತ ಮಾಡಿದ್ದು. ಅಗೆಯುವವನು ಮೊದಲೇ ತಿಳಿಸಿದರೆ ನೆಲದಡಿ ಲೈನ್ ಇರುವವರಿಗೆ ಸುದ್ದಿ ಹೋಗುತ್ತೆ. ಒಳ್ಳೆಯದೇ. ಮುಚ್ಚುವುದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಕೊನೆಮನೆ:

ಏಳು ವಾರ ಆದ ಮೇಲೆ ಬರೆಯುತ್ತಿದ್ದೀನಿ. ಅರ್ಜಿ ಹಾಕಿದೆ. ಮೂವತ್ತು ದಿನಕ್ಕೆ ಬರಲಿಲ್ಲ, ನಲವತ್ತೊಂದನೇ ದಿನ ಬಂತು. ಐದು ಹಾಳೆ.

ಅನುಮತಿ ಪತ್ರದ ಪ್ರಕಾರ ಅಗೆದವರೇ ಮುಚ್ಚಬೇಕು. ಅಂದರೆ "ದುಡ್ಡು ಕಟ್ಟಿದ್ದೀವಿ" ಅಂದದ್ದು ಸುಳ್ಳು. ಆ ಹಾಳೆ ಕೈಯಲ್ಲಿ ಹಿಡಿದು ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ಆಮೇಲೆ ಎಂ.ಬಿ. ಪುಟ ನೋಡಿದೆ. ಉದ್ದ 42 ಮೀಟರ್. ಜಿಎಸ್‌ಬಿ 200 ಮಿ.ಮೀ., ವೆಟ್‌ಮಿಕ್ಸ್ 150 ಮಿ.ಮೀ., ಟಾರು 50 ಮಿ.ಮೀ. ಎಲ್ಲ ಮೇಸ್ತ್ರಿಯವರು ಹೇಳಿದ ಹಾಗೇ ಇದೆ, ಕಾಗದದಲ್ಲಿ.

ಮಗನ ಸ್ಕೂಲ್ ಬ್ಯಾಗಿನಿಂದ ಸ್ಟೀಲ್ ಸ್ಕೇಲ್ ತೆಗೆದುಕೊಂಡು ಬಾಯಿ ಬಿಟ್ಟ ಗುಂಡಿ ಹತ್ತಿರ ಹೋದೆ. ಪಕ್ಕದ ಮನೆ ಅಜ್ಜಿ ಕೊಡೆ ಹಿಡಿದರು. ಗುಂಡಿಯ ಗೋಡೆಗೆ ಸ್ಕೇಲ್ ಒರಗಿಸಿದೆ. ಟಾರು 3 ಸೆಂಟಿಮೀಟರ್‌ಗೆ ಒಂದು ಕೂದಲು ಕಮ್ಮಿ. ಅದರ ಕೆಳಗೆ ನೇರ ಕೆಮ್ಮಣ್ಣು. ಜಲ್ಲಿ ಅಂತ ಇದ್ದದ್ದು ಅಲ್ಲೊಂದು ಇಲ್ಲೊಂದು ಕಲ್ಲು. ಮಣ್ಣಿನ ನಡುವೆ ಒಂದು ಗುಟ್ಕಾ ಚೀಟಿ, ಒಂದು ಒಡೆದ ಟೈಲ್ಸ್, ನಮ್ಮದೇ ರಸ್ತೆಯ ಹಳೆ ಟಾರಿನ ಉಂಡೆಗಳು. ಸ್ಕೇಲ್ ಪೂರ್ತಿ 30 ಸೆಂಟಿಮೀಟರ್ ಇಳಿಸಿದರೂ ಅದೇ ಮಣ್ಣು. ಬೆರಳಲ್ಲಿ ಒತ್ತಿದರೆ ಬೆರಳು ಒಳಗೆ ಹೋಗುತ್ತಿತ್ತು. ಫೋಟೋ ತೆಗೆದೆ.

ನಿವೃತ್ತ ಇಂಜಿನಿಯರ್:

ಮೇಡಂ, ಈಗ ಬಿಡಬೇಡಿ. ಒಂದೇ ಪ್ರಶ್ನೆ ಕೇಳಿ: ಕಂಟ್ರಾಕ್ಟರ್‌ನ ಎಫ್‌ಎಸ್‌ಡಿ ವಾಪಸ್ ಕೊಟ್ಟಿದ್ದಾರಾ? ಬಿಲ್ಲಿನಲ್ಲಿ ಸ್ವಲ್ಪ ಹಣ ಭದ್ರತೆಗೆ ಅಂತ ಹಿಡಿದಿಟ್ಟುಕೊಂಡಿರುತ್ತಾರೆ. ಅದು ಇನ್ನೂ ಆಫೀಸಿನಲ್ಲೇ ಇದ್ದರೆ ಅವನು ಬರುತ್ತಾನೆ. ಕೊಟ್ಟುಬಿಟ್ಟಿದ್ದರೆ ಅವನ ಫೋನ್ ಸ್ವಿಚ್ ಆಫ್. ಫೋಟೋ, ಎಂ.ಬಿ. ಪುಟ ಎರಡನ್ನೂ ಅಕ್ಕಪಕ್ಕ ಇಟ್ಟು ಒಂದೇ ಹಾಳೆಯ ಪತ್ರ ಬರೆಯಿರಿ. ಬೈಗುಳ ಬೇಡ. ಅಳತೆ ಮಾತ್ರ. ಸಹಿ ಮಾಡಿದ ಇಂಜಿನಿಯರ್‌ಗೆ ಆ ಪತ್ರದ ಅರ್ಥ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕಾಲುವೆ ಮೇಸ್ತ್ರಿ:

ಅವರು ಬಂದಾಗ ನೀವು ಮನೆಯಲ್ಲೇ ಇರಿ ಅಕ್ಕಾ. ಇದೇ ಮುಖ್ಯ. ಟಾರು ಹಾಕುವ ದಿನ ಎಲ್ಲರೂ ಬಾಗಿಲಿಗೆ ಬಂದು ನೋಡುತ್ತಾರೆ. ಮಣ್ಣು ತುಂಬುವ ದಿನ ಒಬ್ಬರೂ ಇರಲ್ಲ. ಕಾಲುವೆ ತೆರೆದಿರುವಾಗ ಫೋನ್ ಹಿಡಿದು ಒಬ್ಬರು ನಿಂತರೆ ಸಾಕು, ಕೈ ತಾನಾಗಿ ನೆಟ್ಟಗಾಗುತ್ತೆ. ನಮ್ಮ ಕೈ ಸೇರಿಸಿಯೇ ಹೇಳುತ್ತಿದ್ದೀನಿ.

ಹಳೆ ಟಾರಿನ ಅಂಚನ್ನು ಕಟರ್‌ನಲ್ಲಿ ನೆಟ್ಟಗೆ ಕೊಯ್ಯಲು ಹೇಳಿ. ಕಾಲುವೆಗಿಂತ ಎರಡೂ ಕಡೆ ಒಂದು ಗೇಣು ಅಗಲ. ಆಗ ಹೊಸ ಟಾರಿನ ತುದಿ ಗಟ್ಟಿ ನೆಲದ ಮೇಲೆ ಕೂರುತ್ತೆ. ಕಾಲುವೆ ಅಗಲಕ್ಕೇ ಸರಿಯಾಗಿ ಹಾಕಿದರೆ ತುದಿಯಲ್ಲೇ ಬಿರುಕು.

ಕೊನೆಮನೆ:

ಬಂದರು! ಹೋದ ಮಂಗಳವಾರ. ಪತ್ರ ಕೊಟ್ಟು ಹದಿನಾರು ದಿನಕ್ಕೆ. ಎಫ್‌ಎಸ್‌ಡಿ ಇನ್ನೂ ಕೊಟ್ಟಿರಲಿಲ್ಲ. ಒಬ್ಬ ಇಂಜಿನಿಯರ್ ಬಂದರು, ಚಿಕ್ಕ ವಯಸ್ಸಿನವರು. ಸ್ಕೇಲ್ ಇಟ್ಟ ಫೋಟೋ ನೋಡಿ ಏನೂ ಮಾತಾಡಲಿಲ್ಲ. ಪಕ್ಕಕ್ಕೆ ಹೋಗಿ ಫೋನಿನಲ್ಲಿ ಮಾತಾಡಿದರು.

ನಾನು ರಜೆ ಹಾಕಿ ನಿಂತಿದ್ದೆ. ಅಜ್ಜಿಯೂ ಕುರ್ಚಿ ಹಾಕಿಕೊಂಡು ಕೂತಿದ್ದರು. ಮೂರು ಅಡಿ ತೆಗೆದರು. ಕುಣಿಯುವ ಮಷೀನು ತಂದಿದ್ದರು. ಮೊದಲನೇ ಪದರ ಹಾಕಿದಾಗ ಒಂದು ಅಡಿ ಸುರಿದರು. ನಾನು "ಅರ್ಧ ಅಡಿ ಅಲ್ವಾ?" ಅಂದೆ. ಅವರು ಇಂಜಿನಿಯರ್ ಮುಖ ನೋಡಿದರು, ಇಂಜಿನಿಯರ್ ನನ್ನ ಮುಖ ನೋಡಿದರು. ಅರ್ಧ ಹೊರಗೆ ತೆಗೆದರು. ಮಣ್ಣು ನಾಲ್ಕು ಪದರ ಆಯಿತು, ಆಮೇಲೆ ಜಲ್ಲಿ. ಕಿವಿ ಇನ್ನೂ ಗುಯ್ ಅಂತಿದೆ. ಈ ಸಲವೂ ಕಾಫಿ ಕೊಟ್ಟೆ, ಮಧ್ಯಾಹ್ನ ಮಷೀನು ನಿಂತ ಮೇಲೆ.

ಟಾರು ಶುಕ್ರವಾರ ಹಾಕಿದರು. ಅಂಚನ್ನು ನೆಟ್ಟಗೆ ಕೊಯ್ದಿದ್ದಾರೆ, ಆದರೆ ಒಂದು ಗೇಣು ಅಗಲ ಒಂದೇ ಕಡೆ ತೆಗೆದಿದ್ದಾರೆ. ಇನ್ನೊಂದು ಕಡೆ ಗೇಟಿನ ರ‍್ಯಾಂಪ್ ಅಡ್ಡ ಬಂತು ಅಂದರು. ಆ ಕಡೆ ಹಳೆ ಟಾರು ಹೊಸ ಟಾರು ಸೇರುವಲ್ಲಿ ಈಗಲೇ ಕೂದಲೆಳೆಯಷ್ಟು ಗೆರೆ ಕಾಣಿಸುತ್ತಿದೆ. ಮೇಸ್ತ್ರಿಗಳೇ, ಇದು ಪರವಾಗಿಲ್ವಾ?

ಎರಡನೇ ಮಹಡಿ:

ಮೇಡಂ, ಆ ಮಷೀನು ಬಾಡಿಗೆಗೆ ಎಲ್ಲಿ ಸಿಗುತ್ತೆ ಕೇಳಿ ಹೇಳ್ತೀರಾ? ನನ್ನದೊಂದು ಹಳೆ ಬಾಕಿ ಇದೆ. ಈ ಸಲ ಅನುಮತಿಗೂ ಅರ್ಜಿ ಹಾಕಿದ್ದೀನಿ.

ಕಾಲುವೆ ಮೇಸ್ತ್ರಿ:

ಅಕ್ಕಾ, ಗೆರೆಯಲ್ಲಿ ನೀರು ಇಳಿಯದ ಹಾಗೆ ನೋಡಿಕೊಳ್ಳಿ, ಅಷ್ಟು ಸಾಕು. ಬಿಸಿ ಟಾರನ್ನು ಆ ಗೆರೆಯುದ್ದಕ್ಕೂ ತೆಳ್ಳಗೆ ಹೊಯ್ದು ಮೇಲೆ ಸ್ವಲ್ಪ ಜಲ್ಲಿಪುಡಿ ಉದುರಿಸಿದರೆ ಆಯಿತು, ಅರ್ಧ ಗಂಟೆ ಕೆಲಸ. ಆ ಇಂಜಿನಿಯರ್‌ಗೆ ಇವತ್ತೇ ಫೋನ್ ಮಾಡಿ. ಬಿಸಿಲು ಇರುವ ದಿನ, ಗೆರೆ ಪೂರ್ತಿ ಒಣಗಿದ ಮೇಲೆ ಮಾಡಿಸಿ. ಒದ್ದೆಯಲ್ಲಿ ಹೊಯ್ದರೆ ಹಿಡಿಯಲ್ಲ.